ಗೇಟಿನಲ್ಲಿ ಪೆಟ್ಟು ತಿಂದ ಸೆಕ್ಯುರಿಟಿಯವರಿಗೆ ಕಾಸರಗೋಡಿನಲ್ಲಿ ಸಿಗುವ ಕಾನೂನು ಸೇವೆ: ಯಾವುದು ಗಟ್ಟಿ, ಯಾವುದು ಟೊಳ್ಳು

ಆಸ್ಪತ್ರೆಯ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರ ಕೆನ್ನೆಗೆ ಬಿದ್ದ ಪೆಟ್ಟಿಗೂ, ಅಲ್ಲೇ ಪಕ್ಕದ ಕಲ್ಯಾಣಮಂಟಪದ ಪಾರ್ಕಿಂಗಿನಲ್ಲಿ ಬಿದ್ದ ಅದೇ ತೂಕದ ಪೆಟ್ಟಿಗೂ ಕೇರಳದ ಕಾನೂನಿನಲ್ಲಿ ಅಜಗಜಾಂತರವಿದೆ. ಮೊದಲನೆಯದು ಸಾಬೀತಾದರೆ ಕನಿಷ್ಠ 6 ತಿಂಗಳು ಜೈಲು. ಎರಡನೆಯದರಲ್ಲಿ, ದೂರು ಸರಿಯಾಗಿ ಬರೆಸದಿದ್ದರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಯನ್ನೇ ಶುರು ಮಾಡುವಂತಿಲ್ಲ. ಸಮವಸ್ತ್ರ ಒಂದೇ, ಏಜೆನ್ಸಿಯೂ ಒಂದೇ ಇರಬಹುದು. ನಿಂತ ಗೇಟು ಯಾವುದು, ಮೊದಲ ಹೇಳಿಕೆಯಲ್ಲಿ ಯಾವ ಮಾತು ಬರೆಯಲ್ಪಟ್ಟಿತು, ಈ ಎರಡರ ಮೇಲೆ ಮುಂದಿನದೆಲ್ಲ ನಿಂತಿದೆ.

ಜ್ಯುವೆಲ್ಲರಿ, ಫ್ಲ್ಯಾಟು, ಎಟಿಎಂ, ಸೂಪರ್ ಮಾರ್ಕೆಟ್, ಕಾಲೇಜು, ಆಸ್ಪತ್ರೆ ಎಲ್ಲೇ ಆಗಲಿ, ಮಂಜೇಶ್ವರದಿಂದ ಹೊಸದುರ್ಗದವರೆಗೆ ಗೇಟು ಕಾಯುವವರಿಗೆ ಹೊಡೆತ ಬಿದ್ದಾಗ ಕೈಗೆ ಸಿಗುವ ಸೇವೆಗಳನ್ನು ಒಂದೊಂದಾಗಿ ತೂಗಿ ನೋಡಿದ್ದೇವೆ. ಆಸ್ಪತ್ರೆ ಕಾಯ್ದೆ, ಠಾಣೆ, ವೈದ್ಯರು ಬರೆಯುವ ಗಾಯದ ಪತ್ರ, ಸಿಸಿಟಿವಿ, ಇಎಸ್‌ಐ (ನೌಕರರ ರಾಜ್ಯ ವಿಮೆ), ಉಚಿತ ಕಾನೂನು ನೆರವು, ಕೊನೆಗೆ ಏಜೆನ್ಸಿ.

ಆಸ್ಪತ್ರೆ ಕಾಯ್ದೆ: ಇರುವುದರಲ್ಲೇ ಗಟ್ಟಿ

ಕೇರಳದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕಾಯ್ದೆ 2012ರಿಂದಲೇ ಇತ್ತು. ಆಗ ಅದರ ನೆರಳು ವೈದ್ಯರು, ನರ್ಸುಗಳು ಮತ್ತಿತರ ವೈದ್ಯಕೀಯ ಸಿಬ್ಬಂದಿಯ ಮೇಲಷ್ಟೇ ಬೀಳುತ್ತಿತ್ತು. 2023ರ ಮೇ 10ರಂದು ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಕೊಲೆಯಾದ ಮೇಲೆ ಅದೇ ತಿಂಗಳು ಸುಗ್ರೀವಾಜ್ಞೆ ಬಂತು. ಆ ತಿದ್ದುಪಡಿ ರಕ್ಷಣೆಯನ್ನು ಆಸ್ಪತ್ರೆಯ ಸೆಕ್ಯುರಿಟಿ ಗಾರ್ಡ್, ಆಂಬುಲೆನ್ಸ್ ಚಾಲಕ, ಸಹಾಯಕ, ಆಡಳಿತ ಸಿಬ್ಬಂದಿಯವರೆಗೆ ಹಿಗ್ಗಿಸಿತು.

ಹಿಂಸೆಗೆ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಜೈಲು, ಜೊತೆಗೆ 50,000ದಿಂದ 2 ಲಕ್ಷ ರೂಪಾಯಿ ದಂಡ. ತೀವ್ರ ಗಾಯವಾದರೆ 1ರಿಂದ 7 ವರ್ಷ, ದಂಡ 1ರಿಂದ 5 ಲಕ್ಷ. ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಎಫ್‌ಐಆರ್ ಆದ 60 ದಿನಗಳಲ್ಲಿ ತನಿಖೆ ಮುಗಿಯಬೇಕು. ಸರಕಾರಿ ಆಸ್ಪತ್ರೆಗೂ ಖಾಸಗಿಗೂ ಇದು ಒಂದೇ.

ಇಷ್ಟು ಬಲವಾದ ಕಾಯ್ದೆಯೂ ಒಂದು ಕಡೆ ಸೋರುತ್ತದೆ. ದೂರಿನಲ್ಲಿ "ನಾನು ಇಂಥ ಏಜೆನ್ಸಿಯ ನೌಕರ" ಎಂದು ಮಾತ್ರ ಬರೆಸಿದರೆ, ಬರೆದುಕೊಳ್ಳುವವರಿಗೆ ಅದು ಎರಡು ಜನರ ಹೊಡೆದಾಟವಾಗಿಯೇ ಕಾಣುತ್ತದೆ, ಸಾಮಾನ್ಯ ಸೆಕ್ಷನ್ನುಗಳಲ್ಲೇ ಕೇಸು ಮುಗಿಯುತ್ತದೆ. ಮೊದಲ ವಾಕ್ಯದಲ್ಲೇ ಮೂರು ಸಂಗತಿ ಬರಬೇಕು: ಆಸ್ಪತ್ರೆಯ ಹೆಸರು, ಅಲ್ಲಿ ಯಾವ ಪಾಯಿಂಟಿನಲ್ಲಿ ಡ್ಯೂಟಿ (ಕ್ಯಾಶುವಾಲಿಟಿ ಬಾಗಿಲು, ವಾರ್ಡಿನ ಮೆಟ್ಟಿಲು, ಪಾರ್ಕಿಂಗ್), ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ಪಾಳಿ. ಡ್ಯೂಟಿ ರಿಜಿಸ್ಟರಿನ ಆ ದಿನದ ಪುಟದ ನಕಲು ಕೂಡಲೇ ಲಗತ್ತಿಸಿ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಅಥವಾ ಮ್ಯಾನೇಜರ್ ಬೇರೆಯಾಗಿ ಒಂದು ಪತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಅವರು ಕೊಡಲೇಬೇಕೆಂದು ಕೂರಬೇಡಿ. ನಿಮ್ಮ ದೂರು ಆ ಪತ್ರಕ್ಕಾಗಿ ಒಂದು ಗಂಟೆಯೂ ಕಾಯಬೇಕಾಗಿಲ್ಲ.

ಉಳಿದ ಗೇಟುಗಳು: ಸೆಕ್ಷನ್ 115(2)ರ ಬಡತನ

ಸೆಕ್ಯುರಿಟಿ ಗಾರ್ಡ್ ಮೇಲೆ ಕೈ ಮಾಡಿದರೆ "ಕರ್ತವ್ಯಕ್ಕೆ ಅಡ್ಡಿ" ಕೇಸು ಬೀಳುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ತಪ್ಪು. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 121 ಮತ್ತು 132 ಸಾರ್ವಜನಿಕ ಸೇವಕರಿಗೆ ಮೀಸಲು. ವಿಮಾನ ನಿಲ್ದಾಣದ ಸಿಐಎಸ್ಎಫ್ ಜವಾನರು ಅದರೊಳಗೆ ಬರುತ್ತಾರೆ, ಖಾಸಗಿ ಏಜೆನ್ಸಿಯ ಸಂಬಳ ಪಡೆಯುವ ಗಾರ್ಡ್ ಸಲೀಸಾಗಿ ಬರುವುದಿಲ್ಲ. ಸರಕಾರಿ ಕಟ್ಟಡದ ಗೇಟಿನಲ್ಲೇ ನಿಂತಿದ್ದರೂ ಸಂಬಳ ಏಜೆನ್ಸಿಯದ್ದಾದರೆ ವಾದ ಬಹಳ ಕಷ್ಟ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕೇಂದ್ರ ಕಾಯ್ದೆಯಲ್ಲಿ ಪರವಾನಗಿ, ತರಬೇತಿ, ಗುರುತಿನ ಚೀಟಿ, ಸಮವಸ್ತ್ರ ಎಲ್ಲದರ ನಿಯಮವಿದೆ. ಗಾರ್ಡ್ ಪೊಲೀಸರಂತೆ ಕಾಣುವ ಉಡುಪು ಹಾಕಿದರೆ ಶಿಕ್ಷೆ ಇದೆ, ಗಾರ್ಡಿಗೆ ಹೊಡೆದವರಿಗೆ ಪ್ರತ್ಯೇಕ ಶಿಕ್ಷೆ ಇಲ್ಲ. ದೇಶದ ಬೀಗದ ಕೈಯೆಲ್ಲ ಹಿಡಿದು ನಿಂತವರ ಬಗ್ಗೆ ಬರೆದ ಕಾಯ್ದೆಯಲ್ಲಿ ಇದು ದೊಡ್ಡ ಕೊರತೆ, ನಮ್ಮ ಲೆಕ್ಕದಲ್ಲಿ ಅನ್ಯಾಯವೂ ಹೌದು.

ಹಾಗಾಗಿ ಕೈಗೆ ಉಳಿಯುವುದು ಎಲ್ಲರಿಗೂ ಇರುವ ಸೆಕ್ಷನ್ನುಗಳೇ. ಬರಿಗೈಯಲ್ಲಿ ಹೊಡೆದು ಸಾಮಾನ್ಯ ಗಾಯವಾದರೆ 115(2): 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಪೊಲೀಸರು ತಾವಾಗಿ ತನಿಖೆ ಮಾಡುವಂಥ ಅಪರಾಧವಲ್ಲ. ಠಾಣೆಯಲ್ಲಿ ಡೈರಿಯಲ್ಲಿ ಬರೆದುಕೊಂಡು "ಕೋರ್ಟಿಗೆ ಹೋಗಿ" ಎಂದು ಕಳಿಸಿದರೆ ಅವರು ನಿಯಮ ಮುರಿದಂತಾಗುವುದಿಲ್ಲ. ಸಾಮಾನ್ಯ ಬೆದರಿಕೆ (351(2)), ಬೇಕೆಂದೇ ಕೆಣಕುವ ಅವಮಾನ (352) ಇವೂ ಹಾಗೆಯೇ.

ಇಲ್ಲಿ ಗೊತ್ತಿರಬೇಕಾದ ಬಾಗಿಲು ಒಂದಿದೆ. ತನಿಖೆ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 174(4)ರ ಪ್ರಕಾರ ಒಂದು ಘಟನೆಯ ಹಲವು ಅಪರಾಧಗಳಲ್ಲಿ ಒಂದಾದರೂ ಪೊಲೀಸರು ನೇರ ತನಿಖೆ ಮಾಡಬಹುದಾದದ್ದಿದ್ದರೆ ಇಡೀ ಪ್ರಕರಣವೇ ಹಾಗಾಗುತ್ತದೆ. ಆಮೇಲೆ 115(2) ಕೂಡ ಅದೇ ಎಫ್‌ಐಆರಿನ ಬೆನ್ನೇರಿ ಬರುತ್ತದೆ. ಗೇಟಿನ ಗಲಾಟೆಯಲ್ಲಿ ಆ ಒಂದು ಅಪರಾಧ ಹೆಚ್ಚಾಗಿ ಇದ್ದೇ ಇರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಗಾರ್ಡ್ ಕ್ಯಾಬಿನ್ನಿಗೆ ಹೋಗಲು ತಿರುಗಿದಾಗ ಎದುರು ನಿಂತು ದಾರಿ ಕಟ್ಟಿದರೆ ಅದು ಅಕ್ರಮ ತಡೆ, ಸೆಕ್ಷನ್ 126(2). ಶಿಕ್ಷೆ ಚಿಕ್ಕದು, 1 ತಿಂಗಳು ಅಥವಾ 5,000 ರೂಪಾಯಿ ದಂಡ. ಆದರೆ ಠಾಣೆಯ ಬಾಗಿಲು ತೆರೆಯುವ ಕೀಲಿ ಅದು. ಹೆಲ್ಮೆಟ್, ಕಲ್ಲು, ಕಬ್ಬಿಣದ ರಾಡು, ಬೈಕಿನ ಕೀ ಹಿಡಿದ ಮುಷ್ಟಿ ಬಳಕೆಯಾಗಿದ್ದರೆ 118(1)ರ ಪ್ರಶ್ನೆ ಏಳುತ್ತದೆ: ಅಪಾಯಕಾರಿ ಆಯುಧದಿಂದ ಗಾಯ, 3 ವರ್ಷದವರೆಗೆ ಜೈಲು, ಜಾಮೀನು ಹಕ್ಕಾಗಿ ಸಿಗದ ಅಪರಾಧ. ಹಲ್ಲು ಮುರಿದರೆ ಅಥವಾ ಮೂಳೆ ಬಿರುಕುಬಿಟ್ಟರೆ 117(2), ತೀವ್ರ ಗಾಯ, 7 ವರ್ಷದವರೆಗೆ.

ನಡೆಯದ್ದನ್ನು ಸೇರಿಸಬೇಕು ಎಂದು ಇದರ ಅರ್ಥವಲ್ಲ. ಸುಳ್ಳು ಸೇರಿಸಿದ ದೂರು ಸಿಸಿಟಿವಿ ಮುಂದೆ ಒಂದು ನಿಮಿಷ ನಿಲ್ಲುವುದಿಲ್ಲ, ನಿಜವಾದ ಪೆಟ್ಟನ್ನೂ ತನ್ನ ಜೊತೆ ಮುಳುಗಿಸುತ್ತದೆ. ನಡೆದದ್ದನ್ನು ಮಾತ್ರ, ಆದರೆ ಒಂದನ್ನೂ ಬಿಡದೆ ಹೇಳಬೇಕು.

ಕನ್ನಡದಲ್ಲಿ ಹೇಳಿದ್ದು, ಮಲಯಾಳದಲ್ಲಿ ಬರೆದದ್ದು

ಇಡೀ ಸೇವೆಯಲ್ಲಿ ಕಾಸರಗೋಡಿನ ಕನ್ನಡಿಗರಿಗೆ ಅತಿ ಹೆಚ್ಚು ಪೆಟ್ಟು ಕೊಡುವ ಹಂತ ಇದು. ಗಾರ್ಡ್ ತುಳುವಿನಲ್ಲೋ ಕನ್ನಡದಲ್ಲೋ ಹೇಳುತ್ತಾರೆ, ಹೇಳಿಕೆ ಮಲಯಾಳದಲ್ಲಿ ಬರೆಯಲ್ಪಡುತ್ತದೆ, ಓದಲಾಗದ ಕಾಗದಕ್ಕೆ ಸಹಿ ಬೀಳುತ್ತದೆ. ವಿಚಾರಣೆಯಲ್ಲಿ ಎದುರು ವಕೀಲರು ಮೊದಲು ಹಿಡಿಯುವುದೇ ಆ ಮೊದಲ ಹೇಳಿಕೆಗೂ ಸಾಕ್ಷಿಕಟ್ಟೆಯ ಮಾತಿಗೂ ಇರುವ ವ್ಯತ್ಯಾಸವನ್ನು.

ಒಂದೇ ಅಕ್ಷರದಲ್ಲಿ ಕಥೆ ಹೇಗೆ ತಿರುಗುತ್ತದೆ ನೋಡಿ. ಕನ್ನಡದ "ತಳ್ಳಿದ" ಎಂದರೆ ನೂಕಿದ. ಮಲಯಾಳದಲ್ಲೂ "ತಳ್ಳಿ" ನೂಕುವುದೇ. ಆದರೆ "ತಲ್ಲಿ" ಎಂದರೆ ಹೊಡೆದ. ಗಾರ್ಡಿನ ಬಾಯಲ್ಲಿ ಳಕಾರ ಸ್ವಲ್ಪ ಸಡಿಲಾದರೆ ನೂಕಿದ್ದು ಹೊಡೆತವಾಗಿ ದಾಖಲಾಗುತ್ತದೆ, ಹೊಡೆದದ್ದು ನೂಕಿದ್ದಾಗಿಯೂ ದಾಖಲಾಗಬಹುದು. ಮಲಯಾಳ ಓದಲು ಬಾರದವರು ಓದಿಸಿ ಕೇಳುವಾಗ ಮೂರು ಮಾತಿಗೆ ಕಿವಿಗೊಡಬೇಕು. ದಾರಿ ಕಟ್ಟಿದ್ದರೆ "ತಡಞ್ಞು ನಿರ್ತ್ತಿ" ಎಂಬುದು ಹೇಳಿಕೆಯಲ್ಲಿ ಬಂದಿರಬೇಕು, 126(2) ನಿಲ್ಲುವುದು ಆ ಮಾತಿನ ಮೇಲೆ. ಕೈಯಲ್ಲಿ ಹೊಡೆದದ್ದಾದರೆ "ಕೈಕೊಂಡ್ ಅಡಿಚ್ಚು". ಹೆಲ್ಮೆಟಿನಲ್ಲಿ ಹೊಡೆದಿದ್ದೂ "ಕೈಕೊಂಡ್" ಎಂದೇ ಬರೆದಿದ್ದರೆ ಸಹಿ ಮಾಡುವ ಮೊದಲೇ ತಿದ್ದಿಸಬೇಕು. ಬೈಗುಳಕ್ಕೆ "ಚೀತ್ತ ವಿಳಿಚ್ಚು" ಎಂದಷ್ಟೇ ಬರೆದರೆ ಸಾಲದು, ಆಡಿದ ಶಬ್ದವೇ ದಾಖಲಾಗಬೇಕು. ನಾಚಿಕೆಯಿಂದ ಅದನ್ನು ನುಂಗಿಕೊಂಡರೆ ಅಶ್ಲೀಲ ಮಾತಿಗಿರುವ ಸೆಕ್ಷನ್ 296 ಅಲ್ಲೇ ಬಿದ್ದುಹೋಗುತ್ತದೆ. ಶಬ್ದ ಬರೆಸಿದರೂ ಬೈಗುಳವೆಲ್ಲ ಅಶ್ಲೀಲವಾಗುವುದಿಲ್ಲ ಎಂಬ ಸುಪ್ರೀಂ ಕೋರ್ಟಿನ ನಿಲುವು ನೆನಪಿರಲಿ. ಅದೊಂದನ್ನೇ ನಂಬಿ ದೂರು ಕಟ್ಟಬೇಡಿ.

ಎಲ್ಲಕ್ಕಿಂತ ಒಳ್ಳೆಯ ದಾರಿ, ದೂರನ್ನು ಕನ್ನಡದಲ್ಲಿ ಬರೆದುಕೊಂಡೇ ಹೋಗುವುದು. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಇಟ್ಟಿದೆ. ಒಂದೂವರೆ ಪುಟ ಸಾಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಠಾಣೆಯ ಮೊಹರು, ತಾರೀಕು ಹಾಕಿಸಿಕೊಳ್ಳಿ, ರಶೀದಿ ಕೇಳಿ ಪಡೆಯಿರಿ. ಎಫ್‌ಐಆರ್ ಮಲಯಾಳದಲ್ಲಿ ಆದರೂ ನಿಮ್ಮ ಕನ್ನಡದ ದೂರು ಅದರ ಲಗತ್ತಾಗಿ ಕೋರ್ಟಿಗೆ ಹೋಗುತ್ತದೆ. ಬಾಯಿಮಾತಿನಲ್ಲಿ ಹೇಳಿದರೆ ಬರೆದುಕೊಂಡು ಓದಿ ಹೇಳುವುದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡುವುದು ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಠಾಣೆಯ ಕರ್ತವ್ಯ.

ದೂರಿನಲ್ಲಿ ಇರಬೇಕಾದದ್ದು: ಗಂಟೆ, ಜಾಗ, ಅಂದಿನ ಡ್ಯೂಟಿ, ಮಾತು ಶುರುವಾದದ್ದು ಯಾಕೆ (ನೋ ಪಾರ್ಕಿಂಗ್, ಭೇಟಿ ಸಮಯ ಮುಗಿದದ್ದು, ಬಿಲ್ ತೋರಿಸದ ಬ್ಯಾಗ್), ಯಾರು ಯಾವ ಕೈಯಲ್ಲಿ ಎಲ್ಲಿಗೆ ಎಷ್ಟು ಸಲ ಹೊಡೆದರು, ಕೈಯಲ್ಲಿ ಏನಿತ್ತು, ವಾಹನದ ನಂಬರ್, ನೋಡಿದವರು. ಹೆಸರು ಗೊತ್ತಿಲ್ಲದಿದ್ದರೆ "ಕಂಡರೆ ಗುರುತಿಸಬಲ್ಲೆ" ಎಂಬ ಮಾತು ಖಂಡಿತ ಬೇಕು. ಅದಿಲ್ಲದೆ ಆರು ತಿಂಗಳ ನಂತರ ಕೋರ್ಟಿನಲ್ಲಿ ಬೆರಳು ತೋರಿಸಿದರೆ ಅದಕ್ಕೆ ಬೆಲೆ ಕಡಿಮೆ. ಪರಿಶಿಷ್ಟ ಪಂಗಡದ ಕೊರಗ, ಮಾವಿಲ, ಮರಾಟಿ ಸಮುದಾಯದವರಿಗೋ ಪರಿಶಿಷ್ಟ ಜಾತಿಯವರಿಗೋ ಹೊಡೆದಿದ್ದರೆ, ಜಾತಿ ಹಿಡಿದು ಬೈದಿದ್ದರೆ, ಅದನ್ನೂ ಬರೆಸಬೇಕು. 1989ರ ದೌರ್ಜನ್ಯ ತಡೆ ಕಾಯ್ದೆ ಬಂದಾಗ ತನಿಖೆ ಡಿವೈಎಸ್ಪಿ ಮಟ್ಟಕ್ಕೆ ಏರುತ್ತದೆ. ಮಹಿಳಾ ಗಾರ್ಡುಗಳ ಮಾನಕ್ಕೆ ಕೈಹಾಕುವ ಹಲ್ಲೆಗೆ ಸೆಕ್ಷನ್ 74 ಇದೆ, ಕನಿಷ್ಠ 1 ವರ್ಷ ಜೈಲು.

ದೂರು ತೆಗೆದುಕೊಳ್ಳಲಿಲ್ಲವೆಂದರೆ ಹೆಜ್ಜೆಗಳು ಸ್ಪಷ್ಟವಾಗಿವೆ. ನೇರ ತನಿಖೆಯ ಅಪರಾಧ ಕಂಡುಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಅದೇ ದೂರನ್ನು ರಿಜಿಸ್ಟರ್ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಕಳಿಸಿ, ಅಂಚೆ ರಶೀದಿ ಇಟ್ಟುಕೊಳ್ಳಿ. ಅದರಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಆ ಮುಖ್ಯಸ್ಥರಿಗೆ ಕಳಿಸದೆ ನೇರ ಕೋರ್ಟಿಗೆ ಹೋದರೆ ಆ ಕಾರಣಕ್ಕೇ ಅರ್ಜಿ ವಾಪಸಾಗಬಹುದು. ಕೇರಳ ಪೊಲೀಸರ "ತುಣ" ಪೋರ್ಟಲ್ ಮತ್ತು ಪೋಲ್ ಆ್ಯಪ್ ಮೂಲಕ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಇಳಿಸಿಕೊಳ್ಳಬಹುದು. ಆನ್‌ಲೈನಿನಲ್ಲಿ ಕೊಟ್ಟ ದೂರಿಗೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಆ 3 ದಿನ ಮರೆತವರ ದೂರು ಹಾಗೇ ತೂಗಾಡುತ್ತದೆ. ಪ್ರತಿ ಪಡೆಯಲು ಪೋರ್ಟಲ್ ಚೆನ್ನಾಗಿದೆ, ಪೆಟ್ಟಿನ ದೂರಿಗೆ ಠಾಣೆಯೇ ಮೇಲು.

ಗಾಯದ ಪತ್ರ

ಪೆಟ್ಟು ತಿಂದವರು ಮನೆಗೆ ಹೋಗಿ ಎಣ್ಣೆ ಹಚ್ಚಿ ಮಲಗಿ, ಮರುದಿನ ಮುಖ ಊದಿದ ಮೇಲೆ ಆಸ್ಪತ್ರೆಗೆ ಹೋಗುವುದು ತೀರಾ ಸಾಮಾನ್ಯ. ಆ ಒಂದು ರಾತ್ರಿಯ ಅಂತರ ಎದುರಾಳಿ ವಕೀಲರಿಗೆ ಉಡುಗೊರೆ. ಜನರಲ್ ಆಸ್ಪತ್ರೆಯೋ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯೋ ಹತ್ತಿರ ಯಾವುದಿದೆಯೋ ಅಲ್ಲಿಗೆ ಅದೇ ಪಾಳಿಯಲ್ಲಿ, ಸಮವಸ್ತ್ರದಲ್ಲೇ ಹೋಗಬೇಕು. ಹರಿದ ಅಂಗಿ, ಕಿತ್ತ ಹೆಸರುಪಟ್ಟಿ ತೊಳೆಯದೆ ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿಟ್ಟರೆ ರಕ್ತದ ಕಲೆ ಬೆವರಿ ಕೊಳೆಯುತ್ತದೆ.

ವೈದ್ಯರು "ಏನಾಯಿತು" ಎಂದು ಕೇಳಿ ಬರೆಯುವ ಮೊದಲ ಸಾಲು ಕೋರ್ಟಿನಲ್ಲಿ ಬಹಳ ತೂಗುತ್ತದೆ. "ಬಿದ್ದೆ" ಎಂದು ಹೇಳಿದರೆ ಕೇಸು ಅಲ್ಲೇ ಬಿತ್ತು. ಎಷ್ಟೋ ಜನ ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಹಾಗೆ ಹೇಳುತ್ತಾರೆ, ಎರಡು ದಿನ ಬಿಟ್ಟು ದೂರು ಕೊಡುತ್ತಾರೆ. ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಜನ, ಯಾವುದರಿಂದ ಎಂದು ಅಲ್ಲೇ ಹೇಳಿ. ಹಣೆಯ ಗಾಯ ಹೆಲ್ಮೆಟಿನಿಂದ ಆದದ್ದು ಎಂಬುದು ವೈದ್ಯರ ಕಾಗದದಲ್ಲೂ ದೂರಿನಲ್ಲೂ ಒಂದೇ ರೀತಿ ಇದ್ದಾಗ ಮಾತ್ರ 118(1) ನಿಲ್ಲುತ್ತದೆ.

ಮೂಗು, ಹಲ್ಲು, ಕಿವಿ ಈ ಮೂರನ್ನು ಬೇರೆಯಾಗಿ ತೋರಿಸಿ. ಮೂಗಿನ ಮೂಳೆಯ ಸಣ್ಣ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಉಳಿಯುವುದುಂಟು. ಬಾವು ಇಳಿದ ಮೇಲೆ ಮೂಗು ಓರೆಯಾಗಿ ಕಂಡರೆ ಸಿಟಿ ಸ್ಕ್ಯಾನ್ ಬೇಕಾದೀತು. ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ. ಮುರಿತ ಇಲ್ಲದ ಪೆಟ್ಟು ತೀವ್ರ ಗಾಯವಾಗಲು ಹಳೆಯ ದಂಡ ಸಂಹಿತೆಯಲ್ಲಿ 20 ದಿನ ತೀವ್ರ ನೋವು ಅಥವಾ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ ಇರಬೇಕಿತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ ಸೆಕ್ಷನ್ 116ರಲ್ಲಿ ಅದು 15 ದಿನ. 15 ದಿನದ ಲೆಕ್ಕಕ್ಕೆ ನಡುವೆ ಕನಿಷ್ಠ ಎರಡು ಸಲವಾದರೂ ಒಪಿ ಚೀಟಿಯಲ್ಲಿ ನೋವು ದಾಖಲಾಗಿರಬೇಕು. ಮೊದಲ ದಿನ ಒಮ್ಮೆ ಹೋಗಿ 16ನೆಯ ದಿನ ಹೋದರೆ ನಡುವಿನ ದಿನಗಳು ಖಾಲಿ. ಮುರಿತ ಆಮೇಲೆ ಗೊತ್ತಾದರೆ ವರದಿಯ ಪ್ರತಿಯೊಂದಿಗೆ ಠಾಣೆಗೆ ಹೋಗಿ ಹೆಚ್ಚುವರಿ ಹೇಳಿಕೆ ಕೊಡಿ. ತನಿಖಾಧಿಕಾರಿ ಸೆಕ್ಷನ್ ಬದಲಿಸಲು ಕೋರ್ಟಿಗೆ ವರದಿ ಸಲ್ಲಿಸುತ್ತಾರೆ.

ಸಿಸಿಟಿವಿ ತಾನಾಗಿ ಅಳಿಯುತ್ತದೆ

2 ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುವಂತೆ ಹೊಂದಿಸಿದ್ದರೆ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್ ಇರುವ ಸಾಮಾನ್ಯ ಡಿವಿಆರಿನಲ್ಲಿ (ದೃಶ್ಯ ದಾಖಲಿಸುವ ಪೆಟ್ಟಿಗೆಯಲ್ಲಿ) 11-12 ದಿನಕ್ಕೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. "ಪೊಲೀಸರು ಬಂದು ತೆಗೆದುಕೊಳ್ಳಲಿ" ಎಂದು ಎರಡು ವಾರ ಕಾದವರಿಗೆ ಉಳಿಯುವುದು ಖಾಲಿ ಡಿಸ್ಕ್. ಘಟನೆಯ ದಿನವೇ ಅಂಗಡಿ ಅಥವಾ ಫ್ಲ್ಯಾಟಿನ ಮಾಲೀಕರಿಗೆ ಕ್ಯಾಮೆರಾ ನಂಬರ್ ಮತ್ತು ಸಮಯ ಬರೆದು ದೃಶ್ಯ ಉಳಿಸಲು ಪತ್ರ ಕೊಡಿ. ಪತ್ರದ ಪ್ರತಿಯನ್ನು ಠಾಣೆಗೂ ಕೊಟ್ಟರೆ ತನಿಖಾಧಿಕಾರಿ ಸುರಕ್ಷಾ ಸಂಹಿತೆಯ ಸೆಕ್ಷನ್ 94ರಡಿ ನೋಟಿಸು ಕೊಟ್ಟು ತರಿಸಿಕೊಳ್ಳಬಹುದು.

ಡಿವಿಆರಿನ ಗಡಿಯಾರ ಹತ್ತು-ಹದಿನೈದು ನಿಮಿಷ ತಪ್ಪಿರುವುದು ಹೊಸತಲ್ಲ. ಪರದೆಯ ಸಮಯವನ್ನೂ ಮೊಬೈಲಿನ ಸಮಯವನ್ನೂ ಒಂದೇ ಫೋಟೋದಲ್ಲಿ ಹಿಡಿದಿಟ್ಟುಕೊಳ್ಳಿ. ಪರದೆಗೆ ಮೊಬೈಲ್ ಹಿಡಿದು ಮಾಡಿದ ವಿಡಿಯೋ ಪೊಲೀಸರಿಗೆ ಸುಳಿವು ಕೊಡಬಹುದು, ಕೋರ್ಟಿಗೆ ಸಾಲದು. ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಮೂಲದಿಂದ ತೆಗೆದ ಪ್ರತಿ, ಅದರ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತಿನ ಅಂಕಿ), ಸಾಧನದ ಉಸ್ತುವಾರಿಯವರು ಮತ್ತು ಪರಿಣಿತರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ವಾಟ್ಸ್ಆ್ಯಪಿನಲ್ಲಿ ಕಳಿಸಿದ ದೃಶ್ಯ ಕುಗ್ಗಿ ಹ್ಯಾಶ್ ಬದಲಾಗುತ್ತದೆ, ಪೆನ್ ಡ್ರೈವಿನಲ್ಲೇ ತೆಗೆಸಿ.

ಇಎಸ್‌ಐ: ಯಾರೂ ಕೇಳದೆ ಬಿಟ್ಟ ಒಳ್ಳೆಯ ಸೇವೆ

ಹೊಡೆದವರಿಗೆ ಶಿಕ್ಷೆಯಾಗಲು ವರ್ಷಗಳು ಹಿಡಿಯಬಹುದು, ಮನೆಗೆ ಅಕ್ಕಿ ಈ ವಾರವೇ ಬೇಕು. ಆ ಹಣ ಬರುವುದು ಇಲ್ಲಿಂದ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ ಇಎಸ್‌ಐ ಇದೆ. ಗಾರ್ಡಿನ ಸಂಬಳದಿಂದ ಶೇ. 0.75, ಏಜೆನ್ಸಿಯಿಂದ ಶೇ. 3.25. ಕೆಲಸದ ಗಾಯದಿಂದ, ಗಾಯದ ದಿನ ಬಿಟ್ಟು, ಕನಿಷ್ಠ 3 ದಿನ ಕೆಲಸ ಮಾಡಲಾಗದಿದ್ದರೆ ಸರಾಸರಿ ದಿನಗೂಲಿಯ ಶೇ. 90ರಷ್ಟು ಸಿಗುತ್ತದೆ. ತಿಂಗಳಿಗೆ 15,000 ಇದ್ದವರಿಗೆ ದಿನಕ್ಕೆ ಸುಮಾರು 450 ರೂಪಾಯಿ. ಸಾಮಾನ್ಯ ಕಾಯಿಲೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತಿದೆ, ಕೆಲಸದ ಗಾಯಕ್ಕೆ ಇಲ್ಲ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದ ಮೇಲೆ ಇಎಸ್‌ಐ ಅದರ ಅಡಿಗೆ ಬಂದಿದೆ.

"ಇದು ಅಪಘಾತವಲ್ಲ, ಜಗಳ" ಎಂದು ಏಜೆನ್ಸಿಯ ಕಚೇರಿಯಲ್ಲಿ ಹೇಳುವುದು ರೂಢಿ. ಆ ಮಾತಿಗೆ ಸುಪ್ರೀಂ ಕೋರ್ಟ್ 2000ದಲ್ಲೇ ಉತ್ತರ ಕೊಟ್ಟಿದೆ. ರೀಟಾ ದೇವಿ ಪ್ರಕರಣದಲ್ಲಿ, ಆಟೋ ಕದಿಯಲು ಬಂದವರು ಚಾಲಕನನ್ನು ಕೊಂದದ್ದನ್ನೂ ಕೋರ್ಟ್ ಕೆಲಸಕ್ಕೆ ಸಂಬಂಧಿಸಿದ ಅಪಘಾತವೆಂದೇ ಪರಿಗಣಿಸಿತು. ಗಾರ್ಡಿಗೆ ಪೆಟ್ಟು ಬಿದ್ದದ್ದು ಗೇಟು ಕಾಯುವಾಗ, ಗೇಟು ಕಾಯುವ ಕಾರಣಕ್ಕೆ. ಹಳೆಯ ವೈಯಕ್ತಿಕ ದ್ವೇಷವೆಂದು ಎದುರಿನವರು ಸಾಧಿಸಿದರೆ ಮಾತ್ರ ಕಥೆ ಬೇರೆ. ಇಲ್ಲಿಯೂ ಜಗಳ ಶುರುವಾದ ಕಾರಣ ದೂರಿನಲ್ಲಿ ಇರಬೇಕಾದದ್ದು ಅದಕ್ಕೇ.

ಏಜೆನ್ಸಿ ಅಪಘಾತ ವರದಿ ಕಳಿಸಬೇಕು. ಕಳಿಸದಿದ್ದರೆ ಲಿಖಿತವಾಗಿ ತಿಳಿಸಿ, ಎಫ್‌ಐಆರ್ ಮತ್ತು ಒಪಿ ಚೀಟಿಯ ಪ್ರತಿ ಇಟ್ಟು ಇಎಸ್‌ಐ ಶಾಖಾ ಕಚೇರಿಗೆ ನೇರ ಅರ್ಜಿ ಕೊಡಿ. ಇನ್ನೊಂದು ತೊಡಕು ರಜೆಯದ್ದು. ಖಾಸಗಿ ಆಸ್ಪತ್ರೆಯ ವಿಶ್ರಾಂತಿ ಪತ್ರ ಮಾತ್ರ ಇದ್ದು ಇಎಸ್‌ಐ ವೈದ್ಯರ ಪ್ರಮಾಣಪತ್ರ ಇಲ್ಲದಿದ್ದರೆ ಹಣ ನಿಲ್ಲುತ್ತದೆ, ಆದಷ್ಟು ಬೇಗ ಡಿಸ್ಪೆನ್ಸರಿಗೆ ತೋರಿಸಬೇಕು. ಇಎಸ್‌ಐ ವ್ಯಾಪ್ತಿಗೆ ಬಾರದವರಿಗೆ ನೌಕರರ ಪರಿಹಾರದ ದಾರಿ ಇದೆ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು.

ಉಚಿತ ವಕೀಲರು ಮತ್ತು ಠಾಣೆಯ ರಾಜಿ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಿದ್ಯಾನಗರದ ಕೋರ್ಟ್ ಸಂಕೀರ್ಣದಲ್ಲಿದೆ. ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಆದಾಯ ಮಿತಿಯೊಳಗಿನವರು 1987ರ ಕಾಯ್ದೆಯ ಪ್ರಕಾರ ಉಚಿತ ವಕೀಲರಿಗೆ ಅರ್ಹರು. ಕೇಸನ್ನು ಸರಕಾರಿ ವಕೀಲರೇ ನಡೆಸುತ್ತಾರಲ್ಲ, ಇವರೇಕೆ ಎಂದು ಕೇಳಬಹುದು. 115(2)ರ ಖಾಸಗಿ ದೂರು, ಸೆಕ್ಷನ್ ಕೈಬಿಟ್ಟ ಚಾರ್ಜ್ ಶೀಟಿಗೆ ಆಕ್ಷೇಪ, ಸಂತ್ರಸ್ತರ ಪರಿಹಾರದ ಅರ್ಜಿ, ಎದುರಿನವರು ಹಾಕುವ ಕೌಂಟರ್ ಕೇಸಿನಲ್ಲಿ ಸಮರ್ಥನೆ ಈ ನಾಲ್ಕಕ್ಕೂ ಸ್ವಂತ ವಕೀಲರು ಬೇಕು. ಕನ್ನಡ ಬಲ್ಲ ವಕೀಲರನ್ನೇ ಕೊಡಿ ಎಂದು ಅರ್ಜಿಯಲ್ಲೇ ಕೇಳಿ.

ಠಾಣೆಯಲ್ಲಿ ಕೂರಿಸಿ ಮಾಡುವ ರಾಜಿಗೆ ಗಾರ್ಡುಗಳು ಬಹಳ ಬೇಗ ಒಪ್ಪುತ್ತಾರೆ, ಹೊಡೆದವರು ಗಿರಾಕಿಯೋ ಫ್ಲ್ಯಾಟಿನ ಮಾಲೀಕರೋ ಆಗಿರುತ್ತಾರಲ್ಲ. 115(2), 126(2) ರಾಜಿಗೆ ಬರುವ ಅಪರಾಧಗಳೇ, ರಾಜಿ ತಪ್ಪೇನಲ್ಲ. ಹಣ ಯಾರ ಕೈಗೆ ಬಂತು ನೋಡಿ ಸಹಿ ಹಾಕಿ, ಖಾಲಿ ಕಾಗದಕ್ಕಂತೂ ಬೇಡ. ಮಾತುಕತೆ ನಡೆಯುತ್ತಿದೆ ಎಂದು ದಿನ ದೂಡುವಾಗ 115(2)ರ ಕೇಸಿಗೆ 1 ವರ್ಷದ ಕಾಲಮಿತಿ ಇದೆಯೆಂಬುದು ನೆನಪಿರಲಿ, ರಾಜಿ ಮಾತಿಗಾಗಿ ಅದು ನಿಲ್ಲುವುದಿಲ್ಲ.

ಏಜೆನ್ಸಿ: ಸರಪಳಿಯ ಸಡಿಲ ಕೊಂಡಿ

ಪರವಾನಗಿ ನಂಬರ್, ಫೋಟೋ ಇರುವ ಗುರುತಿನ ಚೀಟಿ, ಪಾಯಿಂಟಿನ ಹೆಸರಿರುವ ಡ್ಯೂಟಿ ಪಟ್ಟಿ ಈ ಮೂರು ಕೈಯಲ್ಲಿ ಇಲ್ಲದ ಗಾರ್ಡ್ ಪೆಟ್ಟು ತಿಂದ ಮೇಲೆ "ನಾನು ಡ್ಯೂಟಿಯಲ್ಲಿದ್ದೆ" ಎಂಬುದನ್ನೇ ಸಾಬೀತು ಮಾಡಬೇಕಾಗುತ್ತದೆ. ಪರವಾನಗಿ ಇಲ್ಲದೆ ನಡೆಸುವ ಏಜೆನ್ಸಿಗೆ 1 ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಏಜೆನ್ಸಿಗೆ ಪರವಾನಗಿ ಇಲ್ಲವೆಂದು ಗಾರ್ಡಿನ ದೂರಿನ ಹಕ್ಕಾಗಲಿ ಪರಿಹಾರದ ಹಕ್ಕಾಗಲಿ ಹೋಗುವುದಿಲ್ಲ. ಚೀಟಿ ಕೊಡದವರಲ್ಲಿ ಕೆಲಸ ಮಾಡುತ್ತಿದ್ದರೆ ಸಂಬಳ ಜಮೆಯಾದ ಬ್ಯಾಂಕ್ ಪುಟ, ಪಾಳಿ ಹೇಳಿದ ವಾಟ್ಸ್ಆ್ಯಪ್ ಸಂದೇಶ, ಹಾಜರಿ ಪುಸ್ತಕದ ಫೋಟೋ ಪ್ರತಿ ತಿಂಗಳು ತೆಗೆದಿಟ್ಟುಕೊಳ್ಳಿ.

ತರಬೇತಿಯಲ್ಲಿ ಹೇಳದೆ ಬಿಡುವ ಇನ್ನೊಂದು ಭಾಗ ಕೈ ಎಲ್ಲಿ ನಿಲ್ಲಬೇಕು ಎಂಬುದು. ಆತ್ಮರಕ್ಷಣೆಯ ಹಕ್ಕು ನ್ಯಾಯ ಸಂಹಿತೆಯ ಸೆಕ್ಷನ್ 34ರಿಂದ 44ರವರೆಗೆ ಎಲ್ಲರಿಗೂ ಇದೆ, ಬೇಕಾದಷ್ಟೇ ಬಲಕ್ಕೆ. ಹೊಡೆತ ತಡೆಯಲು ಎತ್ತಿದ ಲಾಠಿ ರಕ್ಷಣೆ, ಓಡುವವರ ಬೆನ್ನಿಗೆ ಬೀಸಿದ ಲಾಠಿ ಹೊಸ ಅಪರಾಧ. ಕೌಂಟರ್ ಕೇಸು ಹುಟ್ಟುವುದು ಬಹುಪಾಲು ಆ ಎರಡನೆಯ ಬೀಸಿನಲ್ಲಿ. ಬೈಕಿನ ಕೀ ಕಸಿಯುವುದು, ಒಪ್ಪಿಗೆಯಿಲ್ಲದೆ ಬ್ಯಾಗು ತಡಕುವುದು, ಕ್ಯಾಬಿನ್ನಿನಲ್ಲಿ ಕೂಡಿಹಾಕುವುದು ಗಾರ್ಡಿನ ಅಧಿಕಾರದಲ್ಲಿಲ್ಲ. ಜಾಮೀನು ಹಕ್ಕಿಲ್ಲದ, ಪೊಲೀಸರು ನೇರ ಬಂಧಿಸಬಹುದಾದ ಅಪರಾಧ ಕಣ್ಣೆದುರೇ ನಡೆದರೆ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40ರಡಿ ಯಾರು ಬೇಕಾದರೂ ಹಿಡಿದು ನಿಲ್ಲಿಸಬಹುದು, ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಒಪ್ಪಿಸಿದ ಸಮಯ ರಿಜಿಸ್ಟರಿನಲ್ಲಿ ಬರೆಯಿರಿ.

ತಲಪಾಡಿ ಗಡಿ ದಾಟಿದರೆ

ಉಪ್ಪಳದಲ್ಲಿ ಪೆಟ್ಟು, ಮಂಗಳೂರಿನಲ್ಲಿ ಚಿಕಿತ್ಸೆ. ಗಡಿಯ ಈ ಕಡೆಯವರಿಗೆ ಅದು ದಿನನಿತ್ಯದ ದಾರಿ. ಅಲ್ಲಿನ ಆಸ್ಪತ್ರೆಯ ಸೂಚನೆ ಅಲ್ಲಿನ ಪೊಲೀಸರಿಗೆ ಹೋಗುತ್ತದೆ, ಮಂಜೇಶ್ವರ ಠಾಣೆಗೆ ತಾನಾಗಿ ಬರುವುದಿಲ್ಲ. ಮನೆಯವರಲ್ಲಿ ಒಬ್ಬರು ಅಂದೇ ಘಟನೆ ನಡೆದ ಜಾಗದ ಠಾಣೆಗೆ ಬರೆದು ತಿಳಿಸಲಿ. ಆಗದಿದ್ದರೆ ಅಲ್ಲಿನ ಠಾಣೆಯಲ್ಲೇ ಝೀರೋ ಎಫ್‌ಐಆರ್ ಕೇಳಿ. ಎಲ್ಲಿ ನಡೆದ ಘಟನೆಯಾದರೂ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವ ಹೊಣೆ ಸೆಕ್ಷನ್ 173ರಲ್ಲಿ ಅವರದೇ. ಗಡಿಯಲ್ಲಿ ಮೊಬೈಲ್ ಆಚೆಯ ಟವರ್ ಹಿಡಿದರೆ 112ರ ಕರೆ ಕರ್ನಾಟಕದ ಕೇಂದ್ರಕ್ಕೆ ಹೋಗಬಹುದು, ಫೋನೆತ್ತಿದ ಕೂಡಲೇ "ಕೇರಳ, ಕಾಸರಗೋಡು ಜಿಲ್ಲೆ, ಮಂಜೇಶ್ವರ" ಎಂದು ಹೇಳಿ ಆಮೇಲೆ ಸಂಗತಿ ಹೇಳಿ. ಸ್ಥಳೀಯ ಠಾಣೆಯ ನಂಬರ್ ಗೇಟಿನ ಕ್ಯಾಬಿನ್ನಿನ ಗೋಡೆಯಲ್ಲಿ ದೊಡ್ಡದಾಗಿ ಬರೆದಿರಲಿ.

ಇನ್ನು ಇಲ್ಲಿಂದ ದಿನಾ ಬಸ್ಸು ಹತ್ತಿ ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳ ಗೇಟು ಕಾಯಲು ಹೋಗುವವರು ಗಮನಿಸಬೇಕು: ಕೇರಳದ 2023ರ ತಿದ್ದುಪಡಿ ತಲಪಾಡಿಯಲ್ಲೇ ನಿಲ್ಲುತ್ತದೆ. ಕರ್ನಾಟಕಕ್ಕೆ ಅದರದ್ದೇ 2009ರ ಕಾಯ್ದೆ ಇದೆ, ಅದರ ವ್ಯಾಖ್ಯೆ ಬೇರೆ, ಶಿಕ್ಷೆ ಬೇರೆ. ಅಲ್ಲಿನ ಠಾಣೆಯಲ್ಲಿ ಕೇರಳದ ಸೆಕ್ಷನ್ ಹೇಳಿ ವಾದಿಸಿ ಸಮಯ ಕಳೆಯಬೇಡಿ. ನ್ಯಾಯ ಸಂಹಿತೆಯ 115, 117, 118, 126 ಗಡಿಯ ಎರಡೂ ಕಡೆ ಒಂದೇ, ದೂರು ಅದರ ಮೇಲೆ ಕಟ್ಟಿ. ಅಲ್ಲಿ ಹೇಳಿಕೆ ಕನ್ನಡದಲ್ಲೇ ಬರೆಯಲ್ಪಡುತ್ತದೆ, ಓದಿ ನೋಡಿಯೇ ಸಹಿ ಹಾಕಿ.